ಅಧ್ಯಕ್ಷರ ಮೇಜಿನ ಅಡಿಯ ಭತ್ತ

ಸೆಡ್ರಿಕ್ ಲೋಬೊ ಪುಕ್ಕಲನೇನಲ್ಲ. ಸಿಡ್ನಿ ಬಂದರಿನ ಎದುರಿನ ದೊಡ್ಡ ಹೋಟೆಲಿನಲ್ಲಿ ಔತಣಗಳ ಉಸ್ತುವಾರಿ ಅವನದು. ಐನೂರು ಜನರ ಊಟವನ್ನು ಹುಬ್ಬಿನ ಸನ್ನೆಯಲ್ಲೇ ಬಡಿಸಿ ಮುಗಿಸುತ್ತಿದ್ದ. ಆದರೆ ಆಸ್ಟ್ರೇಲಿಯದಲ್ಲಿ ಕಾಯಮ್ಮಾಗಿ ನೆಲೆಸಲು ಹಾಕಿದ್ದ ಅವನ ಪಿಆರ್ ಅರ್ಜಿ ನಿಂತದ್ದು ಆ ಹೋಟೆಲಿನ ಶಿಫಾರಸಿನ ಮೇಲೆ. ಕೆಲಸ ಹೋದರೆ ವೀಸಾ ಹೋಯಿತು. ವೀಸಾ ಹೋದರೆ ಬ್ಲ್ಯಾಕ್‌ಟೌನ್‌ನ ಬಾಡಿಗೆ ಮನೆ, ಹೆಂಡತಿ ವಿನಿಷಾಳ ವೃದ್ಧಾಶ್ರಮದ ಕೆಲಸ, ಮಗಳು ಆಶ್ಲಿನ್‌ಳ ಶಾಲೆ ಎಲ್ಲ ಗಂಟುಮೂಟೆ ಕಟ್ಟಿ ಮಂಗಳೂರಿಗೆ.

ಅವನಿಗೊಂದು ಗುಟ್ಟಿನ ಅಭ್ಯಾಸವಿತ್ತು. ಹಿಂದೆ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನಲ್ಲಿ ಕೆಲಸಕ್ಕಿದ್ದಾಗ ಮದುವೆಯೊಂದರಲ್ಲಿ ಮೇಜಿನ ಕಾಲು ಮಡಿಚಿಕೊಂಡು, ಕೇಕು ನೇರ ಮದುಮಗಳ ಮಡಿಲಿಗೆ ಬಂದಿತ್ತು. ಅಂದಿನಿಂದ ಪ್ರತಿ ದೊಡ್ಡ ಔತಣದಲ್ಲೂ ಮುಖ್ಯ ಮೇಜಿನ ಬಟ್ಟೆಯಡಿ ಅವನು ಒಂದು ಪುಟ್ಟ ಪೊಟ್ಟಣ ಸಿಕ್ಕಿಸುತ್ತಿದ್ದ. ಒಳಗೆ ಊರಿನ ಚರ್ಚಿನ ತೆನೆಹಬ್ಬದಲ್ಲಿ ಪಾದ್ರಿಗಳು ಆಶೀರ್ವದಿಸಿದ ಕದಿರಿನ ಒಂದಷ್ಟು ಭತ್ತ. ಊರಲ್ಲಾದರೆ ಸುಲಿದು ಪಾಯಸಕ್ಕೆ ಹಾಕಿ ಮನೆಮಂದಿಯೆಲ್ಲ ಉಣ್ಣುವುದು ಪದ್ಧತಿ. ಈ ಭತ್ತ ಮಾತ್ರ ವಿನಿಷಾಳ ಅಕ್ಕನ ಜಪಮಾಲೆಯ ಡಬ್ಬಿಯಲ್ಲಿ ಕೂತು, ವಿಮಾನ ನಿಲ್ದಾಣದ ಕ್ವಾರಂಟೈನಿನವರ ಕಣ್ಣು ತಪ್ಪಿಸಿ ಬಂದಿತ್ತು. ಆಸ್ಟ್ರೇಲಿಯಕ್ಕೆ ಕದ್ದು ಬೀಜ ತರುವುದೂ ಒಂದೇ, ಬಾಂಬು ತರುವುದೂ ಒಂದೇ ಎಂದು ಅವನ ಎಣಿಕೆ.

ಅಮೆರಿಕದ ಬೆಳೆಗಾರರ ಸಂಘಗಳ ಔತಣಕ್ಕೆ ಅಲ್ಲಿನ ಅಧ್ಯಕ್ಷರೇ ಬರುತ್ತಾರೆಂದಾಗ ಹೋಟೆಲು ಅಲ್ಲಾಡಿಹೋಯಿತು. ವರ್ಷ ಹೇಳಿದರೆ ಸೆಡ್ರಿಕ್‌ಗೆ ಈಗಲೂ ಬೆವರೊಡೆಯುತ್ತದೆ. ಎರಡು ಸಾವಿರದ ಹತ್ತರ ದಶಕ ಎಂದಷ್ಟೇ ಇಟ್ಟುಕೊಳ್ಳಿ. ಮೊದಲು ಅಧ್ಯಕ್ಷರ ಕಚೇರಿಯ ಎಳೆಯ ಸಿಬ್ಬಂದಿ ಬಂದರು. ಕಿವಿಯಲ್ಲಿ ತಂತಿ, ಕಾಲಲ್ಲಿ ಚಕ್ರ. ಆಮೇಲೆ ರಾಯಭಾರ ಕಚೇರಿಯ ಅಧಿಕಾರಿಗಳು. ಕುರ್ಚಿಯೊಂದನ್ನು ಸರಿಸಬೇಕಾದರೆ ಅವರು ಇವರನ್ನು ಕೇಳಬೇಕು, ಇವರು ವಾಷಿಂಗ್ಟನ್ನನ್ನು ಕೇಳಬೇಕು. ಯಾರನ್ನೂ ಕೇಳದೆ ಹೋಟೆಲಿನ ಲಾಬಿಯಲ್ಲಿ ಕಾಲು ಚಾಚಿ ಕೂತವರೇ ಅಸಲಿ ಲಾಬಿ. ಅವರಲ್ಲಿ ಬಾದಾಮಿ ಬೆಳೆಗಾರರ ಸಂಘದ ಧಡೂತಿ ಮನುಷ್ಯನೊಬ್ಬನಿದ್ದ. ಅಕ್ರೋಟಿನ ಸಂಘದವರನ್ನು ಸೋಲಿಸಿ, ಸಿಹಿಯಲ್ಲಿ ಬಾದಾಮಿಯೇ ಇರಬೇಕೆಂದು ಗೆದ್ದಿದ್ದ. ಸೆಡ್ರಿಕ್ ಅವನಿಗೆ ಮನಸ್ಸಿನಲ್ಲೇ ಬಾದಾಮಿ ಚಾಲುಕ್ಯ ಎಂದು ಹೆಸರಿಟ್ಟ.

ಔತಣದ ಮಧ್ಯಾಹ್ನ ಸಭಾಂಗಣಕ್ಕೆ ಬೀಗ ಬಿತ್ತು. ತಪಾಸಣೆಯ ನಾಯಿ ಬಾಲವಾಡಿಸುತ್ತ ಒಳಹೊಕ್ಕಿತು. ಆಗ ಸೆಡ್ರಿಕ್‌ಗೆ ನೆನಪಾಯಿತು. ಬೆಳಿಗ್ಗೆ ಬಟ್ಟೆ ಹಾಸುವಾಗ ಕೈ ತನ್ನ ಪಾಡಿಗೆ ಪೊಟ್ಟಣ ಸಿಕ್ಕಿಸಿಬಿಟ್ಟಿತ್ತು!

ಅಡುಗೆಮನೆಯ ಹಿಂದೆ ನಿಂತು ವಿನಿಷಾಳಿಗೆ ಫೋನು ಮಾಡಿದ.

"ಅಧ್ಯಕ್ಷರ ಮೇಜಿಗೆ? ನಿಮ್ಮ ಮಂಡೆ ಸಮ ಉಂಟಾ?"

"ಅಭ್ಯಾಸ ಮಾರಾಯ್ತಿ, ಕೈಗೆ ಗೊತ್ತಾಗ್ಲಿಲ್ಲ."

"ನಾಯಿ ಹಿಡಿದ್ರೆ ಕಳ್ಳ ಆಗ್ತೀರಿ. ಈಗಲೇ ಹೋಗಿ ಹೇಳಿ. ನಾನು ಇಲ್ಲಿ ಜಪ ಮಾಡ್ತೇನೆ."

"ಜಪಮಾಲೆ ಡಬ್ಬಿಯಿಂದಲೇ ಶುರುವಾದದ್ದು ಇದೆಲ್ಲ," ಎಂದು ಗೊಣಗಿ ಹೊರಟ.

ಅಧ್ಯಕ್ಷರ ಕಡೆಯ ಹುಡುಗ ಟೈಲರ್, "ನಂದು ಫೋಟೋ ಕೋನ ಮಾತ್ರ ಕಣಪ್ಪ, ಮೇಜಿನ ವಿಷಯ ರಾಯಭಾರದವರದು," ಎಂದು ಓಡಿದ. ರಾಯಭಾರ ಕಚೇರಿಯ ಡಾಯ್ಲ್ ಮೇಡಂ ಕನ್ನಡಕ ಸರಿಪಡಿಸಿಕೊಂಡು, "ಬೀಗ ಭದ್ರತೆಯವರದು," ಎಂದರು. ಬಾಗಿಲಲ್ಲಿದ್ದ ಭದ್ರತೆಯವನು ಅವನ ಮುಖ ನೋಡದೆಯೇ, "ಡಾಯ್ಲ್ ಕಚೇರಿಯಿಂದ ಬರವಣಿಗೆಯಲ್ಲಿ ಬರಲಿ," ಎಂದ. ವೈಟ್ ಹೌಸಿನವರ ಮುಂದೆ ವೈಟರ್ ಆಗಿದ್ದವನ ಪಾಲಿಗೆ ಉಳಿದದ್ದು ಬರೀ ವೆಯ್ಟಿಂಗ್. ಒಳಗೆ ನಾಯಿ ಒಮ್ಮೆ ಬೊಗಳಿತು. ಸೆಡ್ರಿಕ್‌ನ ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ಏನದು, ಭತ್ತ ಅಂದೆಯಾ?" ಹಿಂದಿನಿಂದ ಬಾದಾಮಿ ಚಾಲುಕ್ಯನ ದನಿ. "ಅಧ್ಯಕ್ಷರ ಮೇಜಿನ ಮೇಲೆ ಅಕ್ಕಿ ಬೆಳೆಗಾರರದು ಏನೋ ಇದೆಯಾ? ಯಾರು ಬಿಟ್ಟರು ಅವರನ್ನ?"

"ಸರ್, ಮೇಜಿನ ಮೇಲಲ್ಲ, ಬಟ್ಟೆಯಡಿ..."

"ಅಡಿಯಲ್ಲೇ ಇಡ್ತಾರೆ ಕಳ್ಳರು!" ಎಂದವನೇ ಫೋನು ತೆಗೆದು ಯಾರೋ ಸೆನೆಟರನ್ನು ಹೆಸರು ಹಿಡಿದು ಕರೆದ. ವಾಷಿಂಗ್ಟನ್ನಿನಲ್ಲಿ ಯಾರ ನಿದ್ದೆ ಕೆಟ್ಟಿತೋ, ಡಾಯ್ಲ್ ಮೇಡಂ ಓಡಿ ಬಂದರು, ಟೈಲರ್ ಓಡಿ ಬಂದ, ಬರವಣಿಗೆಯ ಮಾತೇ ಇಲ್ಲದೆ ಬಾಗಿಲು ತೆರೆಯಿತು. ಅಧ್ಯಕ್ಷರ ಹೆಸರಿಗೆ ಅಲುಗದ ಬೀಗ ಬಾದಾಮಿಗೆ ಅಲುಗಿತ್ತು.

ಕೈಗವಸು ತೊಟ್ಟವನು ಪೊಟ್ಟಣ ಬಿಚ್ಚಿದ. ಒಳಗೆ ಕನ್ಯಾ ಮರಿಯಮ್ಮನವರ ಪುಟ್ಟ ಚಿತ್ರ, ಒಣಗಿದ ಕಾಳು.

"ಯಾರಿಟ್ಟದ್ದು?"

"ನಾನು ಸರ್. ನಮ್ಮ ಹಬ್ಬದ ಪ್ರಸಾದ. ಮೇಜು ಬೀಳಬಾರದು ಅಂತ."

ಬಾದಾಮಿ ಚಾಲುಕ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದ. "ಸಂಘ ಯಾವುದು ನಿಂದು?"

"ಸಂಘ ಇಲ್ಲ ಸರ್."

"ಅಂದರೆ ಇವನ ಹಿಂದೆ ಯಾರೂ ಇಲ್ಲ?" ಎಂದು ಡಾಯ್ಲ್ ಮೇಡಂ ಕಡೆ ನೋಡಿದ. ಇಲ್ಲವೆಂದು ಅವರು ತಲೆಯಾಡಿಸಿದರು. "ಛೆ, ನನ್ನ ಸಮಯ ಹಾಳು," ಎಂದು ಲಾಬಿಗೆ ಮರಳಿದ.

ನಾಯಿ ಬೊಗಳಿದಾಗಲೂ ಆಗದ ಭಯ ಸೆಡ್ರಿಕ್‌ಗೆ ಆಗ ಆಯಿತು. ಅಕ್ಕಿಯವರಾಗಲಿ ಅಕ್ರೋಟಿನವರಾಗಲಿ ಹಿಂದಿದ್ದರೆ ಯಾರಾದರೂ ಅವನ ಪರ ಜಗಳವಾಡುತ್ತಿದ್ದರು. ಆ ಹೋಟೆಲಿನಲ್ಲಿ ಲಾಬಿ ಇಲ್ಲದವನೆಂದರೆ ಲೋಬೊ ಒಬ್ಬನೇ.

ಪೊಟ್ಟಣ ಪ್ಲಾಸ್ಟಿಕ್ ಚೀಲ ಸೇರಿತು. ಅವನ ಹೆಸರು, ಪಾಸ್‌ಪೋರ್ಟಿನ ಚಿತ್ರ ಯಾವುದೋ ಕಂಪ್ಯೂಟರಿನೊಳಕ್ಕೆ ಹೋದವು. "ಮನೆಗೆ ಹೋಗು, ತಿಳಿಸುತ್ತೇವೆ," ಎಂದರು ಭದ್ರತೆಯವರು. ಅಧ್ಯಕ್ಷರು ಬಂದರಂತೆ, ಬಾದಾಮಿಯನ್ನು ಮುಟ್ಟದೆ ನೀರು ಕುಡಿದು ಹೊರಟರಂತೆ. ಮೇಜು ಬೀಳಲಿಲ್ಲ.

ಯಾರೂ ತಿಳಿಸಲಿಲ್ಲ. ಕೆಲಸ ಹೋಗಲಿಲ್ಲ, ತಿಂಗಳುಗಳ ಮೇಲೆ ಪಿಆರ್ ಕೂಡ ಬಂತು. ವಿನಿಷಾ ಕುಣಿದಾಡಿದಳು. ಸೆಡ್ರಿಕ್ ಆ ಇಮೇಲನ್ನು ಪದೇಪದೇ ಓದಿದ. ಎಲ್ಲೋ ಒಂದು ಕಡೆ ಭತ್ತದ ಪ್ರಸ್ತಾಪ ಇದ್ದೇ ಇರುತ್ತದೆಂದು ಅವನ ಅನುಮಾನ.

ಈಗ ಸೆಪ್ಟೆಂಬರಿನಲ್ಲಿ ಬ್ಲ್ಯಾಕ್‌ಟೌನ್ ಕಡೆಯ ಚರ್ಚಿನಲ್ಲಿ ಕೊಂಕಣಿಯವರೆಲ್ಲ ಸೇರಿ ತೆನೆಹಬ್ಬ ಮಾಡುತ್ತಾರೆ. ಇಲ್ಲೇ ಬೆಳೆದ ತೆನೆ, ಪೂರಾ ಕಾನೂನುಬದ್ಧ. ಪಾದ್ರಿಗಳು ಕೊಟ್ಟದ್ದನ್ನು ಸೆಡ್ರಿಕ್ ಸಾಲಿನಲ್ಲಿ ನಿಂತಲ್ಲೇ ಉಗುರಿನಲ್ಲಿ ಸುಲಿದು, ಹಸಿಯಾಗಿಯೇ ಜಗಿದು ನುಂಗಿಬಿಡುತ್ತಾನೆ.

"ಡ್ಯಾಡಾ, ದ್ಯಾಟ್ಸ್ ಫಾರ್ ದ ಪಾಯಸ!" ಎಂದು ಆಶ್ಲಿನ್ ತೋಳು ಎಳೆಯುತ್ತಾಳೆ.

ಅವನು ಒಂದು ಕಾಳೂ ಉಳಿಯದಂತೆ ಎರಡೂ ಜೇಬು ಹೊರಗೆಳೆದು ಕೊಡವುತ್ತಾನೆ. ಆಮೇಲೆ, ಹಿಂದೆ ಯಾರಿದ್ದಾರೆಂದು ತಿರುಗಿ ನೋಡುತ್ತಾನೆ.