ನಮ್ಮ ಭಾವನ ಚುಕ್ಕಿಗಳು

ನಮ್ಮ ಭಾವನ ಬಾಯಿ ಬಿಡಿಸುವುದು ಯಾರಿಂದಲೂ ಆಗುವ ಕೆಲಸವಲ್ಲ. ನನ್ನ ಅಕ್ಕ ಇಪ್ಪತ್ತೆಂಟು ವರ್ಷ ಪ್ರಯತ್ನಪಟ್ಟು ಸೋತಿದ್ದಾಳೆ. ಅಪರೂಪದ ಪ್ರಾಣಿ, ಪಕ್ಷಿ, ಗಿಡಗಳು ಎಲ್ಲೆಲ್ಲಿ ಉಳಿದಿವೆ ಎಂದು ದಾಖಲೆ ಮಾಡುವ ಕಚೇರಿಯಲ್ಲಿ ಅವರು ಗುಮಾಸ್ತರು. ಯಾರಾದರೂ ಏನಾದರೂ ಕಂಡೆವೆಂದು ಬರೆದರೆ ಭಾವ ತಾವೇ ಹೋಗಿ ನೋಡಿ, ನಿಜವಾಗಿದ್ದರೆ ನಕ್ಷೆಯ ಮೇಲೆ ಕೆಂಪು ಚುಕ್ಕಿ ಇಡುತ್ತಾರೆ. ಹೊರಗಿನವರಿಗೆ ಕೊಡುವ ನಕ್ಷೆಯಲ್ಲಿ ಚುಕ್ಕಿ ಇರುವುದಿಲ್ಲ, ಊರಗಲದ ಒಂದು ಚೌಕ ಇರುತ್ತದೆ, ಅಷ್ಟೇ. ಚುಕ್ಕಿಗಳಿರುವ ನಕ್ಷೆ ಕಬ್ಬಿಣದ ಬೀರುವಿನಲ್ಲಿ, ಬೀರುವಿನ ಬೀಗದ ಕೈ ಭಾವನ ಸೊಂಟದಲ್ಲಿ. ಕಚೇರಿಯವರೆಲ್ಲ ಅವರನ್ನು ಚುಕ್ಕಿ ಸಾಹೇಬರು ಎಂದೇ ಕರೆಯುತ್ತಾರೆ, ಅದೂ ಎದುರಿಗೇ.

ನಾನು ರಸ್ತೆ ಇಲಾಖೆಯಲ್ಲಿ ಅಳತೆಯವನು. ಗೂಟ ನೆಡುವುದು, ಟೇಪು ಹಿಡಿಯುವುದು, ಬಿಸಿಲಲ್ಲಿ ಬೇಯುವುದು. ನನಗೆ ಕೋಪ ಮೂಗಿನ ತುದಿಯಲ್ಲಿದೆ, ಮಾತು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಆದರೂ ಭಾವ ಎಂದರೆ ನನಗೆ ಮೊದಲಿನಿಂದ ಪ್ರಾಣ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವರು ಅವರು. ಒಂದು ದಿನವೂ ಅದನ್ನು ಆಡಿ ತೋರಿಸಿಲ್ಲ.

ಹನ್ನೊಂದು ವರ್ಷದ ಹಿಂದೆ ಒಂದು ಅನಾಹುತವಾಗಿತ್ತು. ಬೆನ್ನಿನ ಮೇಲೆ ಹಳದಿ ಗೆರೆಯಿರುವ ಒಂದು ಜಾತಿಯ ಆಮೆ, ಅಂಗೈಯಷ್ಟಗಲ, ಎಲ್ಲೋ ನಾಲ್ಕೈದು ಕೊಳಗಳಲ್ಲಿ ಮಾತ್ರ ಉಳಿದದ್ದು. ಅಂಥ ಒಂದು ಕೊಳಕ್ಕೆ ಭಾವ ಚುಕ್ಕಿ ಇಟ್ಟ ಎರಡೇ ತಿಂಗಳಿಗೆ ಯಾರೋ ಬಂದು ಒಂದನ್ನೂ ಬಿಡದೆ ಗೋಣಿಚೀಲಕ್ಕೆ ತುಂಬಿಕೊಂಡು ಹೋದರು, ಸಾಕುವ ಹುಚ್ಚಿನವರಿಗೆ ಮಾರಲಿಕ್ಕೆ. ಒಳಗಿನವರೇ ಯಾರೋ ಬೀರುವಿನ ನಕ್ಷೆಯ ಫೋಟೊ ಹೊಡೆದು ಕೊಟ್ಟಿದ್ದರು. ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಭಾವ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಎಂದಿನಂತೆ ಕಚೇರಿಗೆ ಹೋದರು, ಎಂದಿನಂತೆ ಚುಕ್ಕಿ ಇಟ್ಟರು. ಹಾಗೆಂದು ನಾವೆಲ್ಲ ತಿಳಿದಿದ್ದೆವು.

ಈ ವರ್ಷ ನಮ್ಮ ಇಲಾಖೆ ಒಂದು ಹೊಸ ರಸ್ತೆಗೆ ಗೆರೆ ಎಳೆಯಿತು. ಕೆಲಸ ಹಿಡಿಯುವ ಮೊದಲು ಚುಕ್ಕಿಗಳ ಪಟ್ಟಿ ತರಿಸಿ ನೋಡಬೇಕೆಂಬುದು ನಿಯಮ. ಭಾವ ಕಣ್ಣಿನ ಆಪರೇಷನ್ನಿಗೆಂದು ರಜೆಯಲ್ಲಿದ್ದರು, ಅವರ ಮೇಲಧಿಕಾರಿಯೇ ತಮ್ಮಲ್ಲಿದ್ದ ಇನ್ನೊಂದು ಬೀಗದ ಕೈಯಿಂದ ಬೀರು ತೆಗೆದು ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಕಳಿಸಿದರು. ಬಿಚ್ಚಿ ನೋಡಿದರೆ ನಮ್ಮ ಗೆರೆ ಸೀದಾ ಒಂದು ಆಮೆಯ ಚುಕ್ಕಿಯ ಮೇಲೆ ಹೋಗಿತ್ತು. ಅಲ್ಲಿ ಬರೀ ಕಲ್ಲುಬಯಲು, ಹನಿ ನೀರಿಲ್ಲ, ಆಮೆ ಎಲ್ಲಿಂದ ಬರಬೇಕು ಅಂತ ಒಂದು ಸಲ ಅನ್ನಿಸಿತು, ಸುಳ್ಳೇಕೆ. ಆದರೆ ಭಾವ ಇಟ್ಟ ಚುಕ್ಕಿಯನ್ನು ಅನುಮಾನಿಸಲು ನಾನ್ಯಾವ ದೊಡ್ಡ ಮನುಷ್ಯ? ಎಂಜಿನಿಯರ್ ಜೊತೆ ಜಗಳಕ್ಕೆ ನಿಂತೆ. ಮೂರು ಮೀಟಿಂಗಿನಲ್ಲಿ ಕೂಗಾಡಿದೆ, ಮೇಲಿನವರಿಂದ ಒಂದು ನೋಟಿಸನ್ನೂ ಪಡೆದೆ. ಕೊನೆಗೆ ಅವರಿಗೇ ಸಾಕಾಗಿ ರಸ್ತೆಯನ್ನು ಮೂರು ಕಿಲೋಮೀಟರ್ ಆಚೆಗೆ, ಹಳೆಯ ಇಟ್ಟಿಗೆ ಗೂಡಿನ ಹಿಂಬದಿಗೆ ಸರಿಸಿದರು. ಗೂಟ ನೆಟ್ಟವನು ನಾನೇ. ಲಕೋಟೆಯ ಮೇಲೆ ಗೋಪ್ಯ ಎಂದು ಬರೆದಿದ್ದರಿಂದ ಮನೆಯಲ್ಲಿ ಪಿಟ್ಟೆನ್ನಲಿಲ್ಲ. ನನ್ನಂಥವನು ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ.

ಕೆಲಸ ಶುರುವಾದ ಮರುವಾರ, ಭಾನುವಾರ ಮಧ್ಯಾಹ್ನ, ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಇನ್ನು ತಡೆಯಲಾಗಲಿಲ್ಲ. ಭಾವನ ಆಮೆಗಳನ್ನು ಹೇಗೆ ಉಳಿಸಿದೆ ಎಂದು ಎದೆಯುಬ್ಬಿಸಿಕೊಂಡು ಹೇಳತೊಡಗಿದೆ. ಅಕ್ಕ ಖುಷಿಯಲ್ಲಿ ನನಗೆ ಇನ್ನೊಂದು ಸೌಟು ಬಡಿಸಿದಳು. ಭಾವನ ಕೈ ತಟ್ಟೆಯಲ್ಲೇ ನಿಂತಿತು.

"ಎಲ್ಲಿಗೆ ಸರಿಸಿದ್ರಿ?" ಎಂದು ಕೇಳಿದರು.

"ಇಟ್ಟಿಗೆ ಗೂಡಿನ ಹಿಂದಕ್ಕೆ ಭಾವ. ಅಲ್ಲೊಂದು ಪಾಚಿಗುಂಡಿ ಇತ್ತು. ಮೊನ್ನೆ ಮಣ್ಣು ಹಾಕಿ ಮುಚ್ಚಿಸಿದ್ವಿ."

ಭಾವನ ಮುಖ ಬಿಳಿಚಿಕೊಂಡಿತು. "ಅದೇ ಕಣೋ ಆಮೆ ಕೊಳ. ಚುಕ್ಕೀನ ನಾನೇ ಬೇಕಂತ ಬೇರೆ ಕಡೆ ಇಟ್ಟಿದ್ದೆ," ಎಂದು ಎದ್ದರು. ಕೈಯನ್ನೂ ತೊಳೆಯಲಿಲ್ಲ.

ನನಗೆ ಅದು ತಲೆಗಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದಾಗ ನಾನೂ ತಟ್ಟೆ ಬಿಟ್ಟು ಎದ್ದೆ. ಸ್ಕೂಟರಿನಲ್ಲಿ ನನ್ನ ಹಿಂದೆ ಕೂತು ಭಾವ ಎಲ್ಲ ಹೇಳಿದರು. ಆ ಕಳ್ಳತನವಾದ ಮೇಲೆ ಇಟ್ಟ ಚುಕ್ಕಿಗಳೆಲ್ಲ ಸುಳ್ಳು, ಒಟ್ಟು ನಲವತ್ತು. ಎರಡು ಮೂರು ಕಿಲೋಮೀಟರ್ ಆಚೀಚೆ, ಒಂದೊಂದೂ ಒಂದೊಂದು ದಿಕ್ಕಿಗೆ. ಸರಿಯಾದ ಜಾಗವನ್ನು ಯಾವ ಕಾಗದದಲ್ಲೂ ಬರೆದಿಡಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ಯಾರಾದರೂ ಹಿಂಬಾಲಿಸಿ ಬಂದಾರೆಂದು ಅತ್ತ ತಿರುಗಿ ಹೋಗುವುದನ್ನೂ ಬಿಟ್ಟಿದ್ದರು. ನಾನು ದಾರಿಯುದ್ದಕ್ಕೂ ಬಾಯಿಗೆ ಬಂದಂತೆ ಅಂದೆ. ಭಾವನಿಗೆ ನಾನು ಎದುರಾಡಿದ್ದು ಅದೇ ಮೊದಲು. ಅವರು ಹೂಂ ಹೂಂ ಎನ್ನುತ್ತಿದ್ದರು.

ಕೊಳ ಇರಲಿಲ್ಲ. ನಾವೇ ರೋಲರ್ ಓಡಿಸಿ ಚಪ್ಪಟೆ ಮಾಡಿದ ಕೆಂಪು ನೆಲ, ಎರಡೂ ಬದಿ ನನ್ನ ಗೂಟಗಳು. ನೆಲದ ನಡುವೆ ಏನೋ ಅಲ್ಲಾಡಿತು. ಹೋಗಿ ನೋಡಿದರೆ ಆಮೆ, ಬೆನ್ನಿನ ಮೇಲೆ ಹಳದಿ ಗೆರೆ. ಮಣ್ಣು ಬಿದ್ದಾಗ ದಡದ ಮೇಲೆಲ್ಲೋ ಇದ್ದು ಉಳಿದಿರಬೇಕು. ನಾಲ್ಕು ಹೆಜ್ಜೆ ಇಡುತ್ತಿತ್ತು, ನಿಲ್ಲುತ್ತಿತ್ತು, ತಿರುಗಿ ಮತ್ತೆ ನಾಲ್ಕು ಹೆಜ್ಜೆ. ನೀರು ಹುಡುಕುತ್ತಿತ್ತು. ಭಾವ ಅಲ್ಲೇ ಕುಕ್ಕರಿಸಿ, ಅನ್ನ ಒಣಗಿದ ಕೈಯಿಂದಲೇ ಅದನ್ನು ಎತ್ತಿಕೊಂಡರು.

ಇದೇ ಆಮೆಯ ಇನ್ನೊಂದು ಕೊಳವಿದೆ, ಅಲ್ಲಿ ಬಿಟ್ಟರೆ ಬದುಕುತ್ತದೆ ಎಂದರು. ನನ್ನ ಹೆಲ್ಮೆಟ್ಟಿನಲ್ಲಿ ಒದ್ದೆ ಕರ್ಚೀಫು ಹಾಸಿ ಆಮೆಯನ್ನಿಟ್ಟುಕೊಂಡು ಹೊರಟೆವು. ಎಡಕ್ಕೆ ಎಂದರು, ಬಲಕ್ಕೆ ಎಂದರು, ಸೇತುವೆ ದಾಟಿ ಮತ್ತೆ ವಾಪಸು ಎಂದರು. ಕೊನೆಗೆ ಒಂದು ದಿಬ್ಬದ ಬುಡದಲ್ಲಿ ಧೈರ್ಯವಾಗಿ ಇಳಿದು, ಇದೇ ಜಾಗ ಎಂದು ಮುಂದೆ ನಡೆದರು. ಅಲ್ಲಿ ಕುರುಚಲು ಗಿಡ ಬಿಟ್ಟರೆ ಏನೂ ಇರಲಿಲ್ಲ. ಭಾವ ಹೆಲ್ಮೆಟ್ಟನ್ನು ಎದೆಗೊತ್ತಿಕೊಂಡು ಸುತ್ತ ನೋಡಿದರು.

"ಇದು ನಾನು ಬರೆದಿಟ್ಟ ಜಾಗ ಕಣೋ," ಎಂದರು. "ನಿಜವಾದ್ದು ಎಲ್ಲಿತ್ತು ಅಂತ ಹೊಳೀತಿಲ್ಲ."

ಮಿಕ್ಕವು ನೆನಪಿವೆಯೇ ಎಂದು ಕೇಳಿದೆ. ಬೆರಳು ಮಡಚುತ್ತಾ ಹೋದರು. ನಲವತ್ತರಲ್ಲಿ ಹನ್ನೆರಡಕ್ಕೆ ನಿಂತರು.

ಸೋಮವಾರ ಅವರೇ ಹೋಗಿ ಮೇಲಧಿಕಾರಿಗೆ ಎಲ್ಲ ಒಪ್ಪಿಸಿದರು, ಬೀಗದ ಕೈಯನ್ನೂ ಕೊಟ್ಟು ಬಂದರು. ರಸ್ತೆಯ ಕೆಲಸ ನಿಂತಿದೆ, ಆದರೆ ಮುಚ್ಚಿದ ಕೊಳ ಮುಚ್ಚಿದಂತೆಯೇ ಇದೆ. ಆಮೆ, ಅಕ್ಕ ಬಟ್ಟೆ ನೆನೆಸುವ ಟಬ್ಬಿನಲ್ಲಿದೆ. ಅದರ ಇನ್ನೊಂದು ಕೊಳ ಎಲ್ಲಿ ಅಂತ ಹತ್ತು ಜನರನ್ನು ಕೇಳೋಣವೆಂದರೆ ಕಳ್ಳರ ಕಿವಿಗೂ ಬೀಳುತ್ತದೆ. ಹಾಗಾಗಿ ಪ್ರತಿ ಭಾನುವಾರ ನಾವಿಬ್ಬರೇ ಹುಡುಕಲು ಹೋಗುತ್ತೇವೆ. ಐದು ತಿಂಗಳಾಯಿತು. ಹೋದ ವಾರ ಒಂದು ಕಾಲುದಾರಿಯ ತಿರುವಿನಲ್ಲಿ ಭಾವ ನಿಂತು, ಇಲ್ಲಿಗೆ ನಾವು ಬಂದಿದ್ವಾ ಎಂದು ಕೇಳಿದರು.

ಬಂದಿದ್ದೆವು, ಎರಡು ಸಲ.

"ಇಲ್ಲ ಭಾವ, ನಡೀರಿ ನೋಡೋಣ," ಎಂದೆ.