ಸಂತೆ ಮುಟ್ಟದ ಆಡುಗಳು

ಕೋವಿಡ್ ತಣ್ಣಗಾದ ಮರುವರ್ಷ ನಾನು ಸಿಂದಗಿ ತಾಲ್ಲೂಕಿನಲ್ಲಿ ಪಶುವೈದ್ಯಾಧಿಕಾರಿಯಾಗಿದ್ದೆ. ಕನ್ನೊಳ್ಳಿಯಿಂದಾಚೆ ಒಂದು ಊರಿನ ಹೊರಗೆ ಹರಣಶಿಕಾರಿಗಳ ಕಾಲೊನಿ. ಬೇಟೆ ಅವರ ಕುಲಕಸುಬು. ಅದನ್ನು ಕಾನೂನು ನಿಲ್ಲಿಸಿತ್ತು. ಬ್ರಿಟಿಷರು ಇಡೀ ಜನಾಂಗಕ್ಕೆ ಅಂಟಿಸಿದ್ದ ‘ಅಪರಾಧಿ’ ಎಂಬ ಹಣೆಪಟ್ಟಿಯನ್ನೂ ಕಾನೂನು ತೆಗೆದುಹಾಕಿತ್ತು, ಆದರೆ ಸುತ್ತಲಿನ ಊರುಗಳು ತೆಗೆದಿರಲಿಲ್ಲ. ಹೊಲದ ಕೂಲಿಗೂ ಇವರನ್ನು ಕರೆಯಲು ಜನ ಅನುಮಾನಿಸುತ್ತಿದ್ದರು.

ಸೂಜಿ, ಪಿನ್ನು, ಮಣಿಸರ ಮಾರುತ್ತ ಊರೂರು ತಿರುಗುತ್ತಿದ್ದ ರೇಣುಕವ್ವ ಅಲ್ಲಿಯ ಹೆಂಗಸರನ್ನು ಸೇರಿಸಿ ಆಡು ಸಾಕುವ ಸಂಘ ಕಟ್ಟಿದಳು. ಸರ್ಕಾರದ ಯೋಜನೆಯಲ್ಲಿ ಉಸ್ಮಾನಾಬಾದಿ ತಳಿಯ ಕರಿ ಆಡುಗಳು ಬಂದವು. ಪ್ರತಿಯೊಂದರ ಕಿವಿಗೂ ನಾನೇ ಇಯರ್ ಟ್ಯಾಗ್, ಅಂದರೆ ಗುರುತಿನ ಸಂಖ್ಯೆಯ ಹಳದಿ ಬಿಲ್ಲೆ, ಹಾಕಿದೆ. ಎರಡು ವರ್ಷದಲ್ಲಿ ಹಿಂಡು ಬೆಳೆಯಿತು; ಹುಟ್ಟಿದ ಮರಿಗಳಿಗೂ ಬಿಲ್ಲೆ ಹಾಕಿದೆ. ಅಷ್ಟರವರೆಗೂ ಮನೆ ಬಾಗಿಲಿಗೆ ಬಂದ ದಲ್ಲಾಳಿ ಹೇಳಿದ್ದೇ ದರ. ಆ ಸಲ ಬಕ್ರೀದ್ ಹತ್ತಿರ ಬಂದಾಗ ಇಂಡಿ ಸಂತೆಗೆ ತಾವೇ ಹೋಗಿ ಮಾರುವುದೆಂದು ಸಂಘ ನಿರ್ಧರಿಸಿತು.

ರೇಣುಕವ್ವ ಮತ್ತು ಆಕೆಯ ಗಂಡ ಹಣಮಂತ ಬಾಡಿಗೆ ಗಾಡಿಯಲ್ಲಿ ಹೋತಗಳನ್ನೂ, ಸಾಕುವವರಿಗೆ ಮಾರಲು ಕೆಲವು ಗಬ್ಬದ ಆಡುಗಳನ್ನೂ ತುಂಬಿಕೊಂಡು ಹೊರಟರು. ದಾರಿಯ ಒಂದು ಹಳ್ಳಿಯಲ್ಲಿ ಹಿಂದಿನ ದಿನವಷ್ಟೇ ಒಬ್ಬ ರೈತನ ಆಡುಗಳು ಕಾಣೆಯಾಗಿದ್ದವು. ಅಲ್ಲಿ ಜನ ಗಾಡಿ ತಡೆದರು.

“ಶಿಕಾರ್ಯಾರ ಕೈಯಾಗ ಇಷ್ಟ ಆಡು ಎಲ್ಲಿಂದ ಬಂದಾವೋ?”

ಹಣಮಂತ ಟ್ಯಾಗ್ ತೋರಿಸಲು ಕೈ ಎತ್ತಿದ. ಹೊಡೆಯಲು ಕೈ ಎತ್ತಿದನೆಂದು ಬಡಿಗೆಗಳು ಬಿದ್ದವು. ಭುಜದ ಎಲುಬು ಮುರಿಯಿತು. ಪೊಲೀಸರು ಬಂದು ಗಂಡ ಹೆಂಡತಿ, ಆಡು, ಗಾಡಿ ಎಲ್ಲವನ್ನೂ ಠಾಣೆಗೆ ಒಯ್ದರು.

ರೇಣುಕವ್ವನ ಫೋನ್ ಬಂದ ಕೂಡಲೇ ಹೋದೆ. ಜಪ್ತಿಯಾದ ಬೈಕುಗಳ ನಡುವೆ, ನೆರಳಿಲ್ಲದ ಅಂಗಳದಲ್ಲಿ ಆಡುಗಳನ್ನು ಕೂಡಿಹಾಕಿದ್ದರು. ಒಂದೊಂದೇ ಕಿವಿ ಹಿಡಿದು ಸಂಖ್ಯೆ ತಾಳೆ ನೋಡಿದೆ. ಎಲ್ಲವೂ ಸಂಘದವೇ. ಪ್ರಮಾಣಪತ್ರ ಬರೆದುಕೊಟ್ಟೆ. ಗಂಡ ಹೆಂಡತಿಯನ್ನು ಆಸ್ಪತ್ರೆಗೆ ಕಳಿಸಿದರು, ಆಡುಗಳನ್ನು ಬಿಡಲಿಲ್ಲ.

“ನೀವು ಹೇಳೂದು ಖರೇ ಇರಬಹುದು ಡಾಕ್ಟರ್ರ, ಆದ್ರ ಫಿರ್ಯಾದ ಆಗೇತಿ. ಕೋರ್ಟಿನ ಆರ್ಡರ್ ಬರೂತನಕ ಬಿಡಾಕ ಬರೂದಿಲ್ಲ,” ಎಂದರು ಠಾಣಾಧಿಕಾರಿ.

ಮೇವು, ನೀರಿಗೆ ಕೇಳಿಕೊಂಡೆ. ಹೂಂ ಎಂದರು. ನಾನೇ ಒಂದು ಹೊರೆ ಮೇವು ಹಾಕಿಸಿ ಬಂದೆ.

ವಾರದ ಮೇಲೆ ಆದೇಶ ಬರುವಷ್ಟರಲ್ಲಿ ಬಿಸಿಲು ತನ್ನ ಕೆಲಸ ಮುಗಿಸಿತ್ತು. ಅರ್ಧದಷ್ಟು ಆಡು ಸತ್ತಿದ್ದವು. ಗಬ್ಬದವು ದಿನ ತುಂಬುವ ಮೊದಲೇ ಕಂದು ಹಾಕಿದ್ದವು. ಪೋಸ್ಟ್‌ಮಾರ್ಟಂ ನಾನೇ ಮಾಡಿದೆ. ಸಾವಿಗೆ ಕಾರಣ: ನೀರಿಲ್ಲದ್ದು, ಬಿಸಿಲು. ರೇಣುಕವ್ವ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ನೋಡುತ್ತಿದ್ದಳು.

“ಆಡಿನ ಕಿವಿಗೆ ನಂಬರ್ ಹಾಕಿದ್ರಿ ಸಾಹೇಬ್ರ. ನಮ್ಮ ಕಿವಿಗೂ ಒಂದ ಹಾಕಿಬಿಡ್ರಿ. ಆವಾಗರ ನಂಬ್ತಾರೇನು ನೋಡೂಣು.”

ನಾನು ಸತ್ತ ಆಡುಗಳ ಟ್ಯಾಗ್ ಸಂಖ್ಯೆಗಳನ್ನು ವರದಿಗೆ ಬರೆದುಕೊಳ್ಳತೊಡಗಿದೆ.

ಆ ರೈತನ ಕಾಣೆಯಾಗಿದ್ದ ಆಡುಗಳು ವಲಸೆ ಕುರಿಗಾರರ ಹಿಂಡಿನಲ್ಲಿ ಬೆರೆತು ಹೋಗಿದ್ದವಂತೆ. ಆ ಕುರಿಗಾರರೇ ತಂದು ಬಿಟ್ಟುಹೋದರು. ಅವನು ಫಿರ್ಯಾದು ವಾಪಸ್ ಪಡೆದ. ಕಾಲೊನಿಗೆ ಬಂದು ತಪ್ಪಾಯಿತೆಂದು ಯಾರೂ ಹೇಳಲಿಲ್ಲ. ಹಣಮಂತನ ಬಲಗೈ ಮತ್ತೆ ಹೆಗಲಿಗಿಂತ ಮೇಲೆ ಏಳಲಿಲ್ಲ. ಉಳಿದ ಆಡುಗಳನ್ನು ದಲ್ಲಾಳಿ ಬಂದು ತಾನು ಹೇಳಿದ ದರಕ್ಕೇ ಹೊಡೆದುಕೊಂಡು ಹೋದ. ಸಂಘದ ಕೆಲವು ಹೆಂಗಸರು ಸೊಲ್ಲಾಪುರದ ಕಡೆ ಚಿಂದಿ ಆಯಲು ಹೋದರು. ರೇಣುಕವ್ವ ಮಾತ್ರ ಎರಡು ಹೆಣ್ಣಾಡು ಇಟ್ಟುಕೊಂಡು ಅಲ್ಲೇ ಉಳಿದಳು.

ಮುಂದಿನ ವರ್ಷ ಮುದ್ದೇಬಿಹಾಳ ಕಡೆಗೆ ನನ್ನ ವರ್ಗವಾಯಿತು. ಅಲ್ಲಿಯೂ ಹರಣಶಿಕಾರಿಗಳ ಇಂಥದೇ ಒಂದು ಸಂಘವಿತ್ತು. ಅವರು ಸಂತೆಗೆ ಹೊರಟಾಗಲೆಲ್ಲ ಗಾಡಿಯ ಮುಂದಿನ ಸೀಟಿನಲ್ಲಿ ನಾನೂ ಕೂತು ಹೋಗುತ್ತಿದ್ದೆ. ತಳಿ, ಲಸಿಕೆ, ಮೇವು ಎಲ್ಲ ಕೊಡುವ ಯೋಜನೆಗಳು ಅವರನ್ನು ಮಾಲೀಕರೆಂದು ಒಪ್ಪುವ ಕಣ್ಣನ್ನು ಊರಿಗೆ ಕೊಡಲಾರವು ಎಂಬುದನ್ನು ಈ ನೌಕರಿಯೇ ನನಗೆ ಕಲಿಸಿತು. ಒಂದು ಸಲವೂ ಯಾರೂ ನಮ್ಮ ಗಾಡಿ ತಡೆಯಲಿಲ್ಲ. ಮುಂದೆ ಕೂತವನ ಮುಖ ನೋಡಿ ಜನ ದಾರಿ ಬಿಡುತ್ತಿದ್ದರು. ಹಾಗೆ ಬಿಟ್ಟಾಗಲೆಲ್ಲ ಹಿಂದೆ ಆಡುಗಳ ನಡುವೆ ನಿಂತಿದ್ದವರತ್ತ ತಿರುಗಿ ನೋಡಲು ನನಗೆ ನಾಚಿಕೆಯಾಗುತ್ತಿತ್ತು.