ನಿಂತು ತೆಗೆದ ಅಳತೆ

ನಮ್ಮ ಅತ್ತಿಗೆ ಕೂತದ್ದನ್ನು ನಾನು ಮೂರು ವರ್ಷ ನೋಡಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಊಟ ನಿಂತುಕೊಂಡೇ. ಚಹಾ ಕುಡಿಯುವುದು ನಮ್ಮ ಹೊಲಿಗೆ ಅಂಗಡಿಯ ಬಾಗಿಲಿಗೂ ಕತ್ತರಿಸುವ ಮೇಜಿಗೂ ನಡುವೆ ಓಡಾಡುತ್ತಲೇ. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಕಂಬಿ ಹಿಡಿದು ನಿಲ್ಲುವ ಹೆಂಗಸು. ನಮ್ಮ ಬೀದಿಯವರು ಅವರಿಗೆ ಬುಗುರಿ ಎಂದು ಹೆಸರಿಟ್ಟಿದ್ದರು. ಬುಗುರಿ ಟೈಲರ್ ಎಲ್ಲಿ ಎಂದು ಕೇಳಿದರೆ ಸಣ್ಣ ಮಕ್ಕಳೂ ಕೈ ತೋರಿಸುತ್ತಿದ್ದವು. ಬೋರ್ಡಿನ ಮೇಲಿದ್ದ ಹೆಸರು ಹೇಳಿದರೆ ಪೋಸ್ಟ್‌ಮ್ಯಾನೂ ತಲೆ ಕೆರೆದುಕೊಳ್ಳುತ್ತಿದ್ದ.

ಅಂಗಡಿಯಲ್ಲಿ ಇದ್ದವರು ನಾವಿಬ್ಬರೇ. ನಾನು ಅವರ ನಾದಿನಿ, ಗಂಡನ ತಂಗಿ. ಅಳತೆ, ಬಣ್ಣ, ಕತ್ತರಿ ಅವರದು. ಕೂತು ಹೊಲಿಯುವ ಮಷಿನ್ ನನ್ನದು. ಕೂತು ಕೂತು ನನ್ನ ಸೊಂಟ ಹೋಗಿತ್ತು, ನಿಂತು ನಿಂತು ಅವರ ಹಿಮ್ಮಡಿ ಹೋಗಿತ್ತು. ಇಬ್ಬರನ್ನೂ ಸೇರಿಸಿದರೂ ಒಬ್ಬ ಆರೋಗ್ಯವಂತ ಟೈಲರ್ ಆಗುತ್ತಿರಲಿಲ್ಲ.

ನಾವು ಹೊಲಿಯುತ್ತಿದ್ದದ್ದು ಹೆಚ್ಚಾಗಿ ಒನ್ ಪೀಸ್. ಭುಜದಿಂದ ಕಣಕಾಲಿನವರೆಗೆ ಅಂಗಿ ಪ್ಯಾಂಟು ಎರಡೂ ಕೂಡಿಕೊಂಡ ಒಂದೇ ಉಡುಪು. ಹುಡುಗಿಯರು ಜಂಪ್‌ಸೂಟ್ ಎನ್ನುತ್ತಾರೆ, ವಯಸ್ಸಾದವರು 'ಅದೇ, ಆ ಒಂದೇ ತುಂಡಿನದು' ಎಂದು ಸನ್ನೆ ಮಾಡಿ ತೋರಿಸುತ್ತಾರೆ. ಅತ್ತಿಗೆಗೆ ಅದರ ಹುಚ್ಚು ಹಿಡಿದಿತ್ತು. ಮೇಲೊಂದು ಕೆಳಗೊಂದು ತೊಟ್ಟರೆ ನಡುವಿನ ಗೆರೆಯೇ ಸೊಂಟವನ್ನು ತೋರಿಸುತ್ತದೆ. ಒಂದೇ ಉಡುಪಿನಲ್ಲಿ ಆ ಕೆಲಸವನ್ನು ಬಣ್ಣ ಮಾಡಬೇಕು ಎನ್ನುವುದು ಅವರ ವಾದ. ಅದಕ್ಕೆ ಅವರದೊಂದು ಸೂತ್ರವೂ ಇತ್ತು: "ಎರಡು ಬಣ್ಣ ಜಗಳ ಆಡ್ಬೇಕು, ಮೂರನೇದು ನಡುವೆ ಬಂದು ಬಿಡಿಸ್ಬೇಕು." ಬಿಡಿಸುವವನು ಚಿಕ್ಕವನಾಗಿರಬೇಕು, ಎಂದರೆ ಬೆಲ್ಟು, ಕಾಲರು, ಇಲ್ಲವೇ ಚಪ್ಪಲಿ.

ಬ್ಯಾಂಕಿನ ಮೇಡಂ ಒಬ್ಬರು ಹುಟ್ಟಿದಾಗಿನಿಂದ ಬೂದಿ ಬಣ್ಣ ಬಿಟ್ಟು ಬೇರೆ ತೊಟ್ಟವರಲ್ಲ. ಅವರ ಹೆಗಲಿಗೆ ಅತ್ತಿಗೆ ಕೆಂಪು ಬಟ್ಟೆ ಹಾಕಿ, ಪಕ್ಕದಲ್ಲೇ ಕಡು ಗುಲಾಬಿ ಹಿಡಿದರು.

"ಕೆಂಪಿನ ಪಕ್ಕ ಗುಲಾಬಿನಾ? ಹೊಂದಲ್ಲ ಕಣಮ್ಮ," ಎಂದು ಮೇಡಂ ಹಿಂದೆ ಸರಿದರು.

"ಅಕ್ಕ ತಂಗಿ ಒಂದೇ ಮನೇಲಿ ಇರಲ್ವಾ? ಕಿತ್ತಾಡ್ತಾರೆ, ಆದ್ರೂ ಮನೆ ಕಳೆಕಳೆಯಾಗಿರುತ್ತೆ."

ಮೇಡಂ ನಕ್ಕು ಒಪ್ಪಿದರು. ಅತ್ತಿಗೆ ಅವರನ್ನು ಬಾಗಿಲ ಬಳಿ ಬಿಸಿಲಿಗೆ ಎಳೆದುಕೊಂಡು ಹೋಗಿ ನೋಡಿದರು, ಮತ್ತೆ ಒಳಗೆ ನೋಡಿದರು, ಬೀದಿಯ ಆಚೆ ಬದಿ ನಿಲ್ಲಿಸಿ ಈ ಬದಿಯಿಂದ ನೋಡಿದರು. ಕುತ್ತಿಗೆಗೆ ಸರ ಬೇಡ, ಕಾಲರ್ ಸಾಕು ಎಂದರು. ನೀಲಿ ಬೆಲ್ಟು ತೆಳ್ಳಗಿರಲಿ, ಚಪ್ಪಲಿಯೂ ಅದೇ ನೀಲಿ ಇರಲಿ ಎಂದರು. ಇಷ್ಟೆಲ್ಲ ಹೇಳುವಷ್ಟರಲ್ಲಿ ಅಂಗಡಿಯೊಳಗೆ ಐದು ಸುತ್ತು ಹಾಕಿದ್ದರು. ನನಗೆ ಬರೀ ನೋಡಿಯೇ ತಲೆ ಸುತ್ತುತ್ತಿತ್ತು.

ಮೊದಲು ಅವರು ಹೀಗಿರಲಿಲ್ಲ. ನಮ್ಮಣ್ಣ ಪಿಯಾನೊ ಶ್ರುತಿ ಮಾಡುವವನಾಗಿದ್ದ. ಮುಚ್ಚಿಹೋದ ಶಾಲೆಯೊಂದರಿಂದ ಹಳೆಯ ಪಿಯಾನೊ ತಂದು, ರಿಪೇರಿ ಮಾಡಿ, ಅಂಗಡಿಯ ಹಿಂದಿನ ಕೋಣೆಯಲ್ಲಿಟ್ಟಿದ್ದ. ಆಮೇಲೆ ಹಾಸಿಗೆ ಹಿಡಿದ. ಎಂಟು ತಿಂಗಳು ಅತ್ತಿಗೆ ಆ ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತರು. ಒಂದು ಮಧ್ಯಾಹ್ನ ಅವನು ಹೋದ. ಅತ್ತಿಗೆ ಸ್ಟೂಲಿನಿಂದ ಎದ್ದರು. ಎದ್ದವರು ಮತ್ತೆ ಕೂರಲಿಲ್ಲ.

ಮಗಳಿಗೆ ಆಗ ಹದಿನಾಲ್ಕು ವರ್ಷ. ಮನೆಯಲ್ಲಿ ಅವಳನ್ನು ಗುಬ್ಬಿ ಎನ್ನುತ್ತೇವೆ. ಅಪ್ಪನ ಪಿಯಾನೊವನ್ನು ಅವಳು ಬಿಡಲಿಲ್ಲ. ಸ್ಕೂಲಿನಿಂದ ಬಂದವಳು ಬ್ಯಾಗ್ ಎಸೆದು ಹಿಂದಿನ ಕೋಣೆಗೆ ಹೋಗುತ್ತಿದ್ದಳು. ಅವಳು ನುಡಿಸಲು ಶುರು ಮಾಡಿದ ಐದೇ ನಿಮಿಷಕ್ಕೆ ಅತ್ತಿಗೆಗೆ ಏನಾದರೂ ನೆನಪಾಗುತ್ತಿತ್ತು. ದಾರ ಮುಗಿದಿದೆ. ಗುಂಡಿ ತರಬೇಕು. ಒಲೆ ಆರಿಸಿದೆನೋ ಇಲ್ಲವೋ. ಕಾಲು ಸುಟ್ಟ ಬೆಕ್ಕಿನ ಹಾಗೆ ಹೊರಗೆ ಹೋಗಿ, ನುಡಿಸುವುದು ನಿಂತ ಮೇಲೆ ಬರುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಎಂದುಕೊಂಡೆ. ಕೋಣನ ಮುಂದೆ ಕಿನ್ನರಿ ಎಂದೂ ಮನಸ್ಸಿನಲ್ಲೇ ಬೈದೆ. ಎರಡೂ ಅಲ್ಲ. ಅವರಿಗೆ ಭಯ. ಆ ಸದ್ದು ನಮ್ಮಣ್ಣನದು. ಒಂದೆಡೆ ನಿಂತು ಕೇಳಿದರೆ ಅವನು ಇಲ್ಲ ಎನ್ನುವುದು ಕಿವಿಯೊಳಗೇ ಇಳಿಯುತ್ತಿತ್ತು. ಇದು ನನಗೆ ಅರ್ಥವಾಗಿತ್ತು, ಆದರೂ ಕೋಪ ಹೋಗಿರಲಿಲ್ಲ. ಅಪ್ಪನನ್ನು ಕಳೆದುಕೊಂಡ ಮಗು ಅಮ್ಮನನ್ನೂ ದಾರ ತರಲು ಕಳಿಸಿಕೊಡಬೇಕೆ?

ಹೋದ ವರ್ಷ ಶಾಲೆಯ ಕಾರ್ಯಕ್ರಮದಲ್ಲಿ ಗುಬ್ಬಿ ವೇದಿಕೆಯ ಮೇಲೆ ನುಡಿಸುತ್ತಿದ್ದಳು. ಸಭಾಂಗಣದ ಹಿಂಬದಿಯಲ್ಲಿ ಗೋಡೆಗೊರಗಿ ನಿಂತಿದ್ದ ಅತ್ತಿಗೆ ನಡುವೆಯೇ ಹೊರಟರು. ಅವರ ಚಪ್ಪಲಿಯ ಟಕ್ ಟಕ್ ಸದ್ದು ಇಡೀ ಸಭೆಗೆ ಕೇಳಿತು. ಗುಬ್ಬಿಯ ಕೈ ನಿಂತುಹೋಯಿತು. ಮತ್ತೆ ಶುರು ಮಾಡಿದಳು, ಆದರೆ ಅಷ್ಟರಲ್ಲಿ ಜನ ಪಿಸುಗುಟ್ಟಿ ಆಗಿತ್ತು. ಅಂದಿನಿಂದ ತಾಯಿ ಮಗಳ ನಡುವೆ ಅಗತ್ಯಕ್ಕೆ ತಕ್ಕಷ್ಟೇ ಮಾತು.

ಈ ವರ್ಷ ಸಂಗೀತ ಕಾಲೇಜಿನ ಆಯ್ಕೆ ಪರೀಕ್ಷೆಗೆ ಅವಳಿಗೆ ಕರೆ ಬಂತು. ಮೂವರು ಪರೀಕ್ಷಕರ ಮುಂದೆ ಹದಿನಾಲ್ಕು ನಿಮಿಷ ನುಡಿಸಬೇಕು. ಅತ್ತಿಗೆ ಒಂದೇ ದಿನದಲ್ಲಿ ಹತ್ತು ಬಣ್ಣ ತೆಗೆದು ಮೇಜಿನ ಮೇಲೆ ಹರಡಿದರು.

"ನನಗೆ ಕಪ್ಪು ಸಾಕು. ಅವರು ನನ್ನ ಕೇಳ್ಬೇಕು, ನೋಡೋದಲ್ಲ," ಎಂದಳು ಗುಬ್ಬಿ.

"ಪಿಯಾನೊ ಕಪ್ಪು, ಬೆಂಚು ಕಪ್ಪು, ನೀನೂ ಕಪ್ಪು ಹಾಕ್ಕೊಂಡ್ರೆ ತಲೆ ಒಂದೇ ಗಾಳೀಲಿ ತೇಲಾಡುತ್ತೆ. ಅವರು ಹೆದರ್ಕೊಂಡು ಓಡಿಹೋಗ್ತಾರೆ."

ಗುಬ್ಬಿ ನಗಲಿಲ್ಲ. ಬಟ್ಟೆಗಳನ್ನು ನೋಡಿ, ನೇರಳೆ ಬಣ್ಣದ ಮೇಲೆ ಬೆರಳಿಟ್ಟಳು. "ಸರಿ, ಇದಾಗಲಿ. ಸಾಸಿವೆ ಹಳದಿ ಕಾಲರ್ ಬೇಕಿದ್ರೆ ಹಾಕು. ನಿನ್ನಿಷ್ಟದ ಬಣ್ಣ ನಾನು ಹಾಕ್ಕೊಳ್ತೀನಿ. ಆದ್ರೆ ನೀನು ಒಳಗೆ ಬರೋ ಹಾಗಿಲ್ಲ."

"ಮಗೂ, ಅಮ್ಮ ಕಣೇ," ಎಂದೆ ನಾನು.

"ನೀವು ಬನ್ನಿ ಅತ್ತೆ. ಅವಳು ಬೇಡ. ಯಾವಾಗ ಹೊರಟುಹೋಗ್ತಾಳೋ ಅಂತ ನನ್ನ ಬೆನ್ನು ಕಾಯ್ತಾ ಇರುತ್ತೆ. ಬೆನ್ನು ಕಾಯ್ತಾ ಇದ್ರೆ ಕೈ ಓಡಲ್ಲ."

ಅತ್ತಿಗೆ ಕತ್ತರಿ ಕೆಳಗಿಟ್ಟರು, ಮತ್ತೆ ಎತ್ತಿಕೊಂಡರು. "ಆಯ್ತು," ಎಂದರು. ಆಮೇಲೆ ದಾರ ತರುತ್ತೇನೆಂದು ಹೋದರು. ಡಬ್ಬಿಯ ತುಂಬ ದಾರವಿತ್ತು.

ಒನ್ ಪೀಸಿಗೆ ಎಲ್ಲಕ್ಕಿಂತ ಮುಖ್ಯವಾದ ಅಳತೆ ಒಂದೇ. ಟೇಪನ್ನು ಭುಜದಿಂದ ಇಳಿಸಿ, ಕಾಲುಗಳ ನಡುವೆ ಹಾಯಿಸಿ, ಬೆನ್ನ ಮೇಲಿಂದ ಅದೇ ಭುಜಕ್ಕೆ ತರಬೇಕು. ನಿಂತಾಗ ಒಂದು ಸಲ, ಕೂತಾಗ ಒಂದು ಸಲ. ಕೂತು ಬಗ್ಗಿದರೆ ಬೆನ್ನು ಉದ್ದವಾಗುತ್ತದೆ, ಬಟ್ಟೆ ಸಾಲುವುದಿಲ್ಲ. ಅತ್ತಿಗೆ ಯಾರನ್ನೂ ಕೂರಿಸಿ ಅಳೆದವರಲ್ಲ. ನಿಂತ ಅಳತೆಗೆ ಎರಡು ಬೆರಳು ಸೇರಿಸಿ ಕತ್ತರಿಸುತ್ತಿದ್ದರು. ನಮ್ಮ ಗಿರಾಕಿಗಳಿಗೆ ಅಷ್ಟು ಸಾಕಾಗುತ್ತಿತ್ತು. ಗುಬ್ಬಿಯನ್ನೂ ಹಾಗೆಯೇ ಅಳೆದರು, ಕನ್ನಡಿಯ ಮುಂದೆ ನಿಲ್ಲಿಸಿ ಟ್ರಯಲ್ ನೋಡಿದರು. ಕಣ್ಣಿಗೆ ಹಬ್ಬ. ದಿನವಿಡೀ ಕೂತೇ ಇರುವ ನನಗಾದರೂ, ಈ ಹುಡುಗಿ ಅಲ್ಲಿ ನಿಲ್ಲುವುದಿಲ್ಲ, ಕೂರುತ್ತಾಳೆ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಪರೀಕ್ಷೆ ಹನ್ನೊಂದಕ್ಕೆ. ಬೆಳಿಗ್ಗೆ ಏಳೂವರೆಗೆ ಗುಬ್ಬಿ ಉಡುಪು ತೊಟ್ಟು, ಒಂದು ಸಲ ನುಡಿಸಿ ನೋಡುತ್ತೇನೆಂದು ಪಿಯಾನೊ ಮುಂದೆ ಕೂತಳು. ಎರಡೂ ಕೈ ಅಗಲಿಸಿ ಮುಂದಕ್ಕೆ ಬಗ್ಗಿದಳು. ಭುಜ ಹಿಡಿದೆಳೆದಂತಾಗಿ ಕೈ ಅರ್ಧದಲ್ಲೇ ನಿಂತಿತು. ಇನ್ನೊಂದಿಷ್ಟು ಬಗ್ಗಿದ್ದಕ್ಕೆ ಸೊಂಟದ ಹೊಲಿಗೆ ಟರ್ ಎಂದಿತು.

ಗುಬ್ಬಿ ತಿರುಗಲಿಲ್ಲ, ಕಿರುಚಲಿಲ್ಲ. ಗೋಡೆಗೆ ಹೇಳಿದ ಹಾಗೆ ಹೇಳಿದಳು:

"ನಾನು ಕೂತ್ಕೊಂಡೇ ನುಡಿಸೋದು ಅಮ್ಮ. ಅದೂ ನಿನಗೆ ಗೊತ್ತಿಲ್ಲ."

ಅತ್ತಿಗೆಯ ಮುಖ ಬಿಳಿಚಿಕೊಂಡಿತು. ನಾನು ಆ ಮೂರು ವರ್ಷದಲ್ಲಿ ಅವರಿಗೆ ಹೇಳಬೇಕೆಂದುಕೊಂಡ ಎಲ್ಲ ಮಾತೂ ಆ ಒಂದು ಮಾತಿನಲ್ಲಿತ್ತು. ಆದರೆ ಅವರ ಮುಖ ನೋಡಿ ನನಗೆ ಸಂತೋಷವಾಗಲಿಲ್ಲ, ಅಯ್ಯೋ ಅನಿಸಿತು.

"ಹಳೇ ಸ್ಕರ್ಟ್ ಹಾಕ್ಕೊಂಡು ಹೋಗ್ತೀನಿ. ಬಿಡು," ಎಂದು ಗುಬ್ಬಿ ಎದ್ದಳು.

"ಕೂತ್ಕೋ," ಎಂದರು ಅತ್ತಿಗೆ. "ಸೊಂಟದಲ್ಲಿ ಬಿಚ್ಚಿ ನಡುವೆ ಪಟ್ಟಿ ಕೊಡ್ತೀನಿ. ಎಲ್ಲಕ್ಕಿಂತ ಜಾಸ್ತಿ ಬಗ್ಗೋದು ಯಾವಾಗ?"

"ಕೊನೇಲಿ. ಹನ್ನೆರಡು ನಿಮಿಷ ಆದ್ಮೇಲೆ."

"ಹಾಗಾದ್ರೆ ಮೊದಲಿಂದ ನುಡಿಸು. ಸುಮ್ನೆ ಬಗ್ಗಿ ತೋರಿಸ್ಬೇಡ, ಸುಳ್ಳು ಬಗ್ಗೋದಕ್ಕೂ ನಿಜವಾಗಿ ಬಗ್ಗೋದಕ್ಕೂ ಅಳತೆ ಬೇರೆ."

ನೇರಳೆ ಬಟ್ಟೆ ಒಂದು ಗೇಣೂ ಉಳಿದಿರಲಿಲ್ಲ. ಅತ್ತಿಗೆ ಕಪಾಟಿನ ಮುಂದೆ ಒಂದು ಕ್ಷಣ ನಿಂತು, ಕಿತ್ತಳೆ ಬಣ್ಣದ್ದನ್ನು ಎಳೆದುಕೊಂಡು ಬಂದರು. ನೇರಳೆ, ಕಿತ್ತಳೆ! ಜಗಳವಲ್ಲ, ಹೊಡೆದಾಟವೇ. ಗುಬ್ಬಿ ಕಣ್ಣು ಮುಚ್ಚಿಕೊಂಡಳು. ನಾನು ಸೊಂಟದ ಹೊಲಿಗೆ ಸುತ್ತಲೂ ಬಿಚ್ಚಿದೆ. ಒಳಗೊಂದು ಬನಿಯನ್ ತೊಟ್ಟು ಅವಳು ಮತ್ತೆ ಪಿಯಾನೊ ಮುಂದೆ ಕೂತಳು. ಅತ್ತಿಗೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಬೆಂಚಿನ ಹಿಂದೆ ಬಗ್ಗಿದರು. ಬಗ್ಗಿ ನಿಂತರೆ ಮಗಳ ಸೊಂಟ ಕೈಗೆ ಸಿಗಲಿಲ್ಲ. ಮಂಡಿಯೂರಿದರು, ಆಗಲೂ ಎತ್ತರ ಹೆಚ್ಚಾಯಿತು. ಕೊನೆಗೆ ನೆಲದ ಮೇಲೆ ಕಾಲು ಮಡಿಸಿ ಕೂತರು.

ಮೊದಲ ಎರಡು ನಿಮಿಷ ಅವರ ಮೊಣಕಾಲು ನಿಲ್ಲದೆ ಅದುರುತ್ತಿತ್ತು. ಕಣ್ಣು ಬಾಗಿಲ ಕಡೆಗೆ, ಕಿಟಕಿಯ ಕಡೆಗೆ, ನನ್ನ ಕಡೆಗೆ. ಬಾಯಲ್ಲಿ ಗುಂಡುಸೂಜಿ ಇದ್ದುದರಿಂದ ದಾರ ಮುಗಿದಿದೆ ಎನ್ನಲೂ ಆಗುವಂತಿರಲಿಲ್ಲ. ಐದನೇ ನಿಮಿಷಕ್ಕೆ ನಿಧಾನದ ಭಾಗ ಬಂತು. ಅವರು ಯಾವಾಗಲೂ ಹೊರಗೆ ಹೋಗುತ್ತಿದ್ದದ್ದು ಅಲ್ಲೇ. ಅತ್ತಿಗೆಯ ಬೆನ್ನು ನೆಟ್ಟಗಾಯಿತು, ಒಂದು ಅಂಗೈ ನೆಲಕ್ಕೆ ಊರಿತು. ಎದ್ದರು ಎಂದುಕೊಂಡೆ. ಆದರೆ ಇನ್ನೊಂದು ಕೈಯಲ್ಲಿ ಮಗಳ ಸೊಂಟದ ಬಟ್ಟೆ ಇತ್ತು. ಬಿಟ್ಟರೆ ಮತ್ತೆ ಮೊದಲಿನಿಂದ ಆಗಬೇಕು. ಊರಿದ ಅಂಗೈ ಮೇಲೆ ಬಂದು ಮಗಳ ಸೊಂಟದ ಇನ್ನೊಂದು ಬದಿ ಹಿಡಿಯಿತು. ಗುಬ್ಬಿ ಉಸಿರೆಳೆದಾಗ ಆ ಎರಡೂ ಕೈ ಅಗಲವಾಗುತ್ತಿದ್ದವು, ಬಿಟ್ಟಾಗ ಹತ್ತಿರವಾಗುತ್ತಿದ್ದವು. ಅತ್ತಿಗೆಯ ಕಣ್ಣಿಂದ ನೀರು ಇಳಿದು ಗಲ್ಲದ ತುದಿಗೆ ಬರುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ನನ್ನ ಕಣ್ಣಿನದೂ ಅದೇ ಕತೆ. ಮೂರು ವರ್ಷದ ಕೋಪವನ್ನು ಇಟ್ಟುಕೊಳ್ಳಲು ನನಗೆ ಜಾಗ ಸಿಗಲಿಲ್ಲ.

ಹನ್ನೆರಡನೇ ನಿಮಿಷಕ್ಕೆ ಗುಬ್ಬಿ ಪೂರ್ತಿ ಬಗ್ಗಿದಳು. ಬಿಚ್ಚಿದ ಎರಡು ಅಂಚುಗಳ ನಡುವೆ ನಾಲ್ಕು ಬೆರಳಿನಷ್ಟು ಜಾಗ ತೆರೆಯಿತು. ಅತ್ತಿಗೆ ಕಿತ್ತಳೆ ಪಟ್ಟಿಯನ್ನು ಅಲ್ಲಿಟ್ಟು ಟಕಟಕನೆ ಸೂಜಿ ಚುಚ್ಚಿದರು. ನಾನು ಅದನ್ನು ಮಷಿನ್ನಿಗೆ ಕೊಟ್ಟು ಮುಕ್ಕಾಲು ಗಂಟೆಯಲ್ಲಿ ಮುಗಿಸಿದೆ. ಸಾಸಿವೆ ಕಾಲರು, ನೇರಳೆ ಮೈ, ನಡುವೆ ಕಿತ್ತಳೆ. ಮೊದಲಿನದಕ್ಕಿಂತ ಚೆನ್ನಾಗಿತ್ತು. ಗುಬ್ಬಿಯೂ ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡಳು.

ಕಾಲೇಜಿನ ಉದ್ದನೆಯ ಕಾರಿಡಾರಿನಲ್ಲಿ ಅವಳ ಹೆಸರು ಕರೆದಾಗ ನಾನು ಅತ್ತಿಗೆಯ ಮುಖ ನೋಡಿದೆ, ಆಮೇಲೆ ಗುಬ್ಬಿಯ ಮುಖ. ಈಗಲಾದರೂ ಕರೆಯುತ್ತಾಳೇನೋ ಎಂದು ಆಸೆ. ಅವಳು ಕರೆಯಲಿಲ್ಲ. ಅತ್ತಿಗೆಯೂ ಕೇಳಲಿಲ್ಲ, ಕೊಟ್ಟ ಮಾತು ಮಾತೇ. ನನಗೆ ಒಳಗೆ ಹೋಗಲು ಅನುಮತಿ ಇತ್ತು, ಆದರೆ ಅವರನ್ನು ಒಬ್ಬರೇ ಬಿಡಲು ಮನಸ್ಸಾಗದೆ ಹೊರಗೇ ಉಳಿದೆ. ಬಾಗಿಲು ಮುಚ್ಚಿತು.

ಅತ್ತಿಗೆ ಬಾಗಿಲ ಪಕ್ಕದ ಗೋಡೆಗೆ ಅಂಗೈ ಒತ್ತಿ ನಿಂತರು. ಜವಾನ ಕುರ್ಚಿ ತಂದಿಟ್ಟ, ಅವರು ನೋಡಲೂ ಇಲ್ಲ. ಅವರ ಕಾಲನ್ನೇ ನಾನು ನೋಡುತ್ತಿದ್ದೆ. ಈಗ ಹೋಗುತ್ತಾರೆ, ನೀರು ಕುಡಿದು ಬರುತ್ತೇನೆ ಎನ್ನುತ್ತಾರೆ, ಗೇಟಿನವರೆಗೆ ಹೋಗಿ ಬರುತ್ತೇನೆ ಎನ್ನುತ್ತಾರೆ. ಒಳಗೆ ನಿಧಾನದ ಭಾಗ ಬಂತು, ಹೋಯಿತು. ಆ ಚಪ್ಪಲಿಗಳು ಇಟ್ಟ ಜಾಗದಲ್ಲೇ ಇದ್ದವು.

ಬಾಗಿಲು ತೆರೆದಾಗ ಗುಬ್ಬಿಯ ಕುತ್ತಿಗೆ ಬೆವರಿತ್ತು. ಅಮ್ಮನನ್ನು ನೋಡಿ, ರೂಢಿಯಂತೆ ಕೇಳಿದಳು:

"ಯಾವಾಗ ವಾಪಸ್ ಬಂದೆ?"

"ನಾನು ಹೋಗ್ಲೇ ಇಲ್ಲ," ಎಂದರು ಅತ್ತಿಗೆ.

ಗುಬ್ಬಿ ನನ್ನ ಕಡೆ ತಿರುಗಿದಳು, ಸಾಕ್ಷಿ ಕೇಳುವವಳಂತೆ. ನಾನು ಬಾಯಿ ತೆರೆಯುವ ಮೊದಲೇ ಅತ್ತಿಗೆ ಮುಂದುವರಿಸಿದರು. "ನಿಧಾನದ್ದು ಮುಗಿದ ಮೇಲೆ ಒಂದು ಕಡೆ ನೀನು ಅವಸರ ಮಾಡಿದೆ ಈಗ. ಬೆಳಿಗ್ಗೆ ಅಲ್ಲಿ ನೀನು ಒಂದು ಉಸಿರು ಹೊತ್ತು ನಿಲ್ಲಿಸಿದ್ದೆ."

ಗುಬ್ಬಿ ಅಮ್ಮನ ಕಡೆ ತಿರುಗಿದಳು. "ಒಳಗಿದ್ದೋರಿಗೆ ಅದು ಗೊತ್ತಾಗ್ಲಿಲ್ಲ," ಎಂದಳು.

"ನನಗೆ ಗೊತ್ತಾಯ್ತು."